ಪ್ರತಿಕಾಯದ ಕಾಂಡ ಹಿಡಿಯುವವರು: ಎಫ್‌ಸಿ ರಿಸೆಪ್ಟರ್ ಟಿಪ್ಪಣಿ

ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯಲು ದೇಹ ಮಾಡುವ ಪ್ರೋಟೀನು, ಅಂದ ಕೂಡಲೇ ನಾವು ವೈ ಆಕಾರ ಬರೆದು, ಮೇಲಿನ ಎರಡು ತೋಳುಗಳನ್ನು ಪುಟಗಟ್ಟಲೆ ಓದುತ್ತೇವೆ. ಕೆಳಗಿನ ಕಾಂಡಕ್ಕೆ ಒಂದೇ ಸಾಲು. ನನಗಂತೂ ಆ ಕಾಂಡವೇ ಜಾಸ್ತಿ ಮುಖ್ಯ ಅನಿಸುತ್ತದೆ. ತೋಳು ರೋಗಾಣುವನ್ನು ಹಿಡಿಯುತ್ತದೆ. ಆಮೇಲೆ ಅದನ್ನು ನುಂಗಬೇಕೋ, ಕೊಲ್ಲಬೇಕೋ, ಸುಮ್ನೆ ಬಿಡಬೇಕೋ ಅನ್ನೋದು ಬಹುಪಾಲು ಕಾಂಡವನ್ನು ಯಾವ ಕೋಶ ಹಿಡಿಯಿತು ಎಂಬುದರ ಮೇಲಿದೆ. 1959ರಲ್ಲಿ ರಾಡ್ನಿ ಪೋರ್ಟರ್ ಪಪ್ಪಾಯಿಯ ಪಪೈನ್ ಕಿಣ್ವದಿಂದ ಪ್ರತಿಕಾಯವನ್ನು ತುಂಡರಿಸಿದಾಗ ಹರಳುಗಟ್ಟಿದ ಭಾಗ ಇದೇ, ಎಫ್‌ಸಿ. ಕೋಶದ ಮೇಲೆ ಕೂತು ಅದನ್ನು ಹಿಡಿಯುವ ಪ್ರೋಟೀನು ಎಫ್‌ಸಿ ರಿಸೆಪ್ಟರ್.

ಕಾರವಾರ, ಕುಮಟಾ ಕಡೆಯವರಿಗೆ ಇದನ್ನು ವಿವರಿಸೋಕೆ ಶೆಟ್ಲಿ (ಸಿಗಡಿ) ಸಾಕು. ಕೆಲವರಿಗೆ ಶೆಟ್ಲಿ ತಿಂದ ಸ್ವಲ್ಪ ಹೊತ್ತಿಗೆ ಮೈತುಂಬ ಗಂಧೆ ಏಳುತ್ತವೆ, ಅಲ್ವಾ? ಅವರ ಮಾಸ್ಟ್ ಕೋಶಗಳ (ಅಲರ್ಜಿ ಎಬ್ಬಿಸುವ ಕೋಶಗಳು) ಎಫ್‌ಸಿ ಎಪ್ಸಿಲಾನ್ ರಿಸೆಪ್ಟರ್‌ನಲ್ಲಿ ಐಜಿಇ ಎಂಬ ಬಗೆಯ ಪ್ರತಿಕಾಯ ಮೊದಲೇ ಕೂತಿರುತ್ತದೆ. ಶೆಟ್ಲಿಯ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಅಂಥ ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಬೆಸೆದ ಕೂಡಲೇ ಕೋಶ ಗಂಧೆ ಏಳಿಸುವ ಹಿಸ್ಟಮಿನ್ ಸುರಿಸುತ್ತದೆ. ಒಮಾಲಿಝುಮ್ಯಾಬ್ ಎಂಬ ಅಲರ್ಜಿ ಔಷಧಿ ರಕ್ತದಲ್ಲಿ ತೇಲುವ ಐಜಿಇಯ ಎಫ್‌ಸಿಯನ್ನೇ ಹಿಡಿದು, ಅದು ರಿಸೆಪ್ಟರ್ ಸೇರದಂತೆ ತಡೆಯುತ್ತದೆ.

ರಕ್ತದಲ್ಲಿ ಹೆಚ್ಚಾಗಿರುವ ಪ್ರತಿಕಾಯ ಐಜಿಜಿ. ಅದನ್ನು ಹಿಡಿಯುವ ರಿಸೆಪ್ಟರ್‌ಗಳಲ್ಲಿ ಮೂರು ಗುಂಪು: ಸಿಡಿ64, ಸಿಡಿ32, ಸಿಡಿ16. ಒಂಟಿ ಐಜಿಜಿಯನ್ನೂ ಗಟ್ಟಿಯಾಗಿ ಹಿಡಿಯೋದು ಸಿಡಿ64 ಮಾತ್ರ. ಉಳಿದವಕ್ಕೆ ಐಜಿಜಿ ಗುಂಪಾಗಿ ಬರಬೇಕು. ಸಿಡಿ32ಬಿ ಒಂದೇ 'ನಿಲ್ಲು' ಎನ್ನುವ ಸಂಕೇತ ಕೊಡುತ್ತದೆ. ಪ್ರತಿಕಾಯ ತಯಾರಿಗೆ ಕಾರಣವಾದ ಬಿ ಕೋಶಗಳ ಮೇಲೆ ಇರೋದು ಅದೇ. ಎನ್‌ಕೆ ಕೋಶದ (ರೋಗಪೀಡಿತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣ) ಸಿಡಿ16 ಪ್ರತಿಕಾಯ ಅಂಟಿದ ಕೋಶವನ್ನು ಕೊಲ್ಲಿಸುತ್ತದೆ. ಐಜಿಜಿಯ 297ನೇ ಜಾಗದ ಸಕ್ಕರೆ ಸರಪಳಿಯಿಂದ ಫ್ಯೂಕೋಸ್ ತೆಗೆದರೆ ಈ ಸಿಡಿ16 ಹಿಡಿತ ಬಹಳ ಬಿಗಿಯಾಗುತ್ತದೆ. ಒಬಿನುಟುಝುಮ್ಯಾಬ್ ಎಂಬ ರಕ್ತ ಕ್ಯಾನ್ಸರ್ ಔಷಧಿಯಲ್ಲಿ ಫ್ಯೂಕೋಸ್ ಕಡಿಮೆ ಮಾಡಿರೋದು ಇದಕ್ಕೇ. ಒಂದು ಸಣ್ಣ ಸಕ್ಕರೆಗೆ ಇಷ್ಟು ಬೆಲೆ ಅನ್ನೋದು ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುತ್ತದೆ.

ಈಗ ಲ್ಯಾಬಿಗೆ ಬರೋಣ. ಕೋಶಗಳ ಮೇಲಿನ ಗುರುತುಗಳನ್ನು ಬೆಳಕಿನಿಂದ ಅಳೆಯುವ ಫ್ಲೋ ಸೈಟೊಮೆಟ್ರಿಯಲ್ಲಿ ಬಣ್ಣ ಕಟ್ಟಿದ ಪ್ರತಿಕಾಯ ಹಾಕುತ್ತೇವೆ. ಮೊನೊಸೈಟ್ ಎಂಬ ಬಿಳಿ ರಕ್ತಕಣ ಅದರ ಕಾಂಡ ಹಿಡಿದುಬಿಟ್ಟರೆ, ಇಲ್ಲದ ಗುರುತೂ ಇದ್ದಂತೆ ಹೊಳೆಯುತ್ತದೆ. ಅದಕ್ಕೇ ಬಣ್ಣ ಹಾಕುವ ಮೊದಲು ಎಫ್‌ಸಿ ಬ್ಲಾಕ್, ಅಂದರೆ ಎಫ್‌ಸಿ ರಿಸೆಪ್ಟರ್‌ಗಳನ್ನು ಮುಚ್ಚಿಬಿಡೋದು. ಇಲಿ ಕೋಶಗಳಿಗೆ ಸಾಮಾನ್ಯವಾಗಿ 2.4ಜಿ2 ಎಂಬ ಪ್ರತಿಕಾಯ ಹಾಕಿ, ಸುಮಾರು 10 ನಿಮಿಷ ಐಸ್ ಮೇಲೆ ಇಡುತ್ತಾರೆ. ಅದನ್ನು ತೊಳೆಯದೆ, ಅದರ ಮೇಲೇ ಬಣ್ಣದ ಪ್ರತಿಕಾಯ ಸೇರಿಸುತ್ತಾರೆ. ಮನುಷ್ಯರ ಕೋಶಗಳಿಗೆ ಮಾನವ ಐಜಿಜಿಯನ್ನೂ ಬಳಸಬಹುದು.

ಇನ್ನೊಂದು ದಾರಿ, ಕಾಂಡವನ್ನೇ ಕತ್ತರಿಸೋದು. ಪೆಪ್ಸಿನ್ ಎಂಬ ಕಿಣ್ವ ಹಾಕಿದರೆ ಎರಡೂ ತೋಳು ಜೋಡಿಯಾಗಿ ಉಳಿಯುತ್ತವೆ, ಎಫ್‌ಸಿ ಚೂರಾಗುತ್ತದೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟದಲ್ಲಿ ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ವಿಷಪ್ರತಿರೋಧಕವೂ ಹೀಗೆ ತಯಾರಾದ ಕುದುರೆ ಪ್ರತಿಕಾಯದ ತುಂಡು. ಸಂಶೋಧನೆಯಲ್ಲಿ ಇಂಥ ಕಾಂಡವಿಲ್ಲದ ತುಂಡು ಹೋಲಿಕೆಗೆ ಒಳ್ಳೆಯ ಕಂಟ್ರೋಲ್. ಮಳೆಗಾಲದ ಡೆಂಗಿಯನ್ನೇ ತಗೊಳ್ಳಿ. ಅರೆಬರೆ ಕೆಲಸ ಮಾಡುವ ಪ್ರತಿಕಾಯ ವೈರಸನ್ನು ಎಫ್‌ಸಿ ರಿಸೆಪ್ಟರ್ ಮೂಲಕ ಕೋಶದೊಳಗೇ ಸೇರಿಸಿಬಿಡಬಹುದು. ಇದನ್ನು ನೋಡೋಕೆ ಸಿಡಿ32ಎ ಇರುವ ಕೆ562 ಎಂಬ, ಲ್ಯಾಬಿನಲ್ಲಿ ಬೆಳೆಸುವ ಕೋಶ ಬಳಸುತ್ತಾರೆ. ಪೂರ್ತಿ ಪ್ರತಿಕಾಯದಿಂದ ಸೋಂಕು ಏರಿ, ಕಾಂಡವಿಲ್ಲದ ತುಂಡಿನಿಂದ ಏರದಿದ್ದರೆ, ವೈರಸ್ ಒಳಹೊಕ್ಕಿದ್ದು ಎಫ್‌ಸಿ ದಾರಿಯಲ್ಲೇ.