ಕುಳಿತು ನೋಡುವ ಟಿವಿಗೆ ನಿಂತು ಅಳತೆ ಹಿಡಿಯಬೇಡಿ

ಹೊಸ ಟಿವಿ ಮನೆಗೆ ಬಂದ ಮರುದಿನ ಕಂಪನಿಯ ಹುಡುಗ ಡ್ರಿಲ್ ಹಿಡಿದು ಬರುತ್ತಾನೆ, ಹಾಲಿನ ನಡುವೆ ನಿಂತು ‘ಎಲ್ಲಿ ಹಾಕ್ಲಿ ಸಾರ್?’ ಎಂದು ಕೇಳುತ್ತಾನೆ. ಮನೆಯವರೂ ಆಗ ನಿಂತೇ ಇರುತ್ತಾರೆ. ಯಜಮಾನರು ತಮ್ಮ ಕಣ್ಣಿನ ನೇರಕ್ಕೆ ಕೈ ಚಾಚಿ ತೋರಿಸುತ್ತಾರೆ, ಮೊಮ್ಮಕ್ಕಳ ಕೈಗೆ ಎಟುಕದಿರಲೆಂದು ಅಜ್ಜಿ ‘ಇನ್ನೂ ಸ್ವಲ್ಪ ಮೇಲೆ ಹಾಕಪ್ಪ’ ಎನ್ನುತ್ತಾರೆ, ಐದು ನಿಮಿಷದಲ್ಲಿ ನಾಲ್ಕು ತೂತುಗಳು ಬಿದ್ದಿರುತ್ತವೆ. ಮನೆಗಳ ಒಳವಿನ್ಯಾಸ ಮಾಡುವ ನಾನು ಕಂಡಿರುವ ಹೆಚ್ಚಿನ ಟಿವಿಗಳು ಇರಬೇಕಾದದ್ದಕ್ಕಿಂತ ಒಂದಡಿಯಷ್ಟು ಮೇಲೇರಿ ಕುಳಿತಿರುವುದಕ್ಕೆ ಮುಖ್ಯ ಕಾರಣ ಇದೇ. ದೇವರ ಪಟ, ಹಿರಿಯರ ಭಾವಚಿತ್ರ, ಕ್ಯಾಲೆಂಡರು ಇವುಗಳನ್ನೆಲ್ಲ ತಲೆಯೆತ್ತಿ ನೋಡುವ ಎತ್ತರಕ್ಕೆ ತೂಗುಹಾಕಿದ ಅಭ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ. ಆದರೆ ದೇವರ ಪಟವನ್ನು ಯಾರೂ ಒಂದೇ ಸಮನೆ ಎರಡು ಗಂಟೆ ನೋಡುತ್ತ ಕೂರುವುದಿಲ್ಲ.

ಆದ್ದರಿಂದ ಮೊದಲು ಕುಳಿತುಕೊಳ್ಳಿ. ಸಾಮಾನ್ಯ ಸೋಫಾದಲ್ಲಿ ಒರಗಿ ಕುಳಿತವರ ಕಣ್ಣು ನೆಲದಿಂದ ಸುಮಾರು 40 ಇಂಚು ಎತ್ತರದಲ್ಲಿರುತ್ತದೆ. ಅಲ್ಲಿಂದ ನೇರವಾಗಿ ಹೊರಟ ನೋಟವು ಪರದೆಯ ನಡುಮಧ್ಯಕ್ಕೆ, ಹೆಚ್ಚೆಂದರೆ ಅದಕ್ಕಿಂತ ನಾಲ್ಕು ಇಂಚು ಕೆಳಕ್ಕೆ ತಾಗುವಂತಿದ್ದರೆ ಕುತ್ತಿಗೆಗೆ ಕೆಲಸವಿರುವುದಿಲ್ಲ. 55 ಇಂಚಿನ ಟಿವಿಯ ಪರದೆ ಸುಮಾರು 27 ಇಂಚು ಎತ್ತರವಿರುವುದರಿಂದ ಅದರ ಕೆಳ ಅಂಚು ನೆಲದಿಂದ ಎರಡೂವರೆ ಅಡಿಯ ಆಸುಪಾಸಿನಲ್ಲಿ ಬರಬೇಕಾಗುತ್ತದೆ. ‘ಅಷ್ಟು ಕೆಳಗಾ?’ ಎಂದು ಕೇಳದ ಗ್ರಾಹಕರನ್ನು ನಾನಿನ್ನೂ ಕಂಡಿಲ್ಲ. ಬೈಫೋಕಲ್ ಕನ್ನಡಕ ಹಾಕುವ ಹಿರಿಯರಿದ್ದರಂತೂ ಈ ಲೆಕ್ಕಕ್ಕೆ ಇನ್ನಷ್ಟು ಬೆಲೆ ಬರುತ್ತದೆ; ಎತ್ತರದ ಪರದೆಗಾಗಿ ತಲೆಯನ್ನು ಹಿಂದಕ್ಕೆ ವಾಲಿಸಿದಾಗ ಅವರ ನೋಟ ಕನ್ನಡಕದ ಕೆಳಗಿನ, ಓದುವುದಕ್ಕೆಂದು ಇರುವ ಭಾಗದ ಮೂಲಕ ಹಾದುಹೋಗಿ ಚಿತ್ರ ಮಸುಕಾಗುತ್ತದೆ. ಟಿವಿ ಸರಿಯಿಲ್ಲವೆಂಬ ದೂರು ಬಂದ ಮನೆಗೆ ಹೋಗಿ, ಟಿವಿಯನ್ನು ಹತ್ತು ಇಂಚು ಇಳಿಸಿ ದೂರು ಮುಗಿಸಿದ್ದೂ ಉಂಟು.

ಎಲ್ಲರೂ ಸೋಫಾದಲ್ಲೇ ಕುಳಿತು ನೋಡುವುದಿಲ್ಲ ಎಂಬುದನ್ನೂ ಮರೆಯಬಾರದು. ಗೋಡೆಗೆ ಒರಗಿ ಕಾಲು ಚಾಚಿಕೊಂಡು ಸೊಪ್ಪು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಧಾರಾವಾಹಿ ನೋಡುವವರ ಕಣ್ಣು ನೆಲದಿಂದ ಎರಡೂವರೆ ಅಡಿಯೂ ಇರುವುದಿಲ್ಲ. ಇಬ್ಬರಿಗೂ ಹೊಂದುವ ಎತ್ತರ ಬೇಕೆಂದರೆ ಟಿವಿಯನ್ನು ಏರಿಸದೆ, ಮುಂದಕ್ಕೆ ತುಸು ಬಾಗಿಸಬಹುದಾದ ಟಿಲ್ಟ್ ಬ್ರಾಕೆಟ್ ತೆಗೆದುಕೊಳ್ಳುವುದು ಉತ್ತಮ. ಮಲಗುವ ಕೋಣೆಯಲ್ಲಿ ಮಾತ್ರ, ಮಂಚದಲ್ಲಿ ದಿಂಬಿಗೊರಗಿ ನೋಡುವುದರಿಂದ, ಅರ್ಧ ಅಡಿ ಹೆಚ್ಚು ಎತ್ತರವನ್ನು ನಾನು ಒಪ್ಪುತ್ತೇನೆ.

ದೂರದ ವಿಚಾರದಲ್ಲಿ ಹೆಚ್ಚು ಹೇಳುವುದೇನಿಲ್ಲ. ಪರದೆಯ ಕರ್ಣದ ಒಂದೂವರೆ ಪಟ್ಟು, ಅಂದರೆ 55 ಇಂಚಿನ ಟಿವಿಗೆ ಏಳು ಅಡಿಯಷ್ಟು, 4ಕೆ ಚಿತ್ರಕ್ಕೆ ಹಿತವಾದ ಅಂತರ; ಕೇಬಲ್ಲಿನ ಹಳೆಯ ಗುಣಮಟ್ಟದ ಚಾನೆಲ್‌ಗಳನ್ನೇ ನೋಡುವವರು ಇನ್ನೆರಡು ಅಡಿ ಹಿಂದೆ ಕುಳಿತರೆ ಚೆನ್ನ. ದಿಕ್ಕಿನ ವಿಷಯದಲ್ಲಿ, ಆಗ್ನೇಯ ಮೂಲೆಯೇ ಆಗಬೇಕೆಂದು ಕೇಳುವವರೊಂದಿಗೆ ನಾನು ವಾದಕ್ಕೆ ಇಳಿಯುವುದಿಲ್ಲ. ಆದರೆ ಆ ಗೋಡೆಯ ಎದುರಿಗೆ ಪಶ್ಚಿಮದ ಕಿಟಕಿಯಿದ್ದರೆ, ಸಂಜೆ ನಾಲ್ಕರಿಂದ ಆರರವರೆಗೆ ಪರದೆಯ ಮೇಲೆ ಕಿಟಕಿಯೇ ಕಾಣುತ್ತದೆ ಎಂದು ಮೊದಲೇ ತಿಳಿಸಿಬಿಡುತ್ತೇನೆ. ಹಳೆಯ ಪತ್ರಿಕೆಗಳನ್ನು ಜೋಡಿಸಿ ಟಿವಿಯ ಗಾತ್ರಕ್ಕೆ ಕತ್ತರಿಸಿ (55 ಇಂಚಿನದಾದರೆ 48 ಇಂಚು ಅಗಲ, 27 ಇಂಚು ಎತ್ತರ) ಗೋಡೆಗೆ ಟೇಪಿನಿಂದ ಅಂಟಿಸಿ ಎರಡು ದಿನ ಹಾಗೆಯೇ ಬಿಟ್ಟರೆ, ಎತ್ತರ, ಬೆಳಕು, ಬಾಗಿಲಿನ ಅಡ್ಡಿ ಇವೆಲ್ಲ ಖರ್ಚಿಲ್ಲದೆ ತಿಳಿದುಹೋಗುತ್ತವೆ.

ಇನ್ನು ಗೋಡೆ. ನಮ್ಮಲ್ಲಿ ಗೋಡೆ ಎಂಬುದು ಒಂದೇ ವಸ್ತುವಲ್ಲ: ಸುಟ್ಟ ಇಟ್ಟಿಗೆ, ಸಿಮೆಂಟಿನ ಸಾಲಿಡ್ ಬ್ಲಾಕು, ಒಳಗೆ ಪೊಳ್ಳಿರುವ ಹಾಲೋ ಬ್ಲಾಕು, ಕರಾವಳಿಯ ಕೆಂಪುಕಲ್ಲು, ಮಲೆನಾಡಿನ ಹಳೆಯ ಮನೆಗಳ ಮಣ್ಣು, ಈಚಿನ ಅಪಾರ್ಟ್‌ಮೆಂಟುಗಳ ಎಎಸಿ ಬ್ಲಾಕು (ಸಣ್ಣ ಗಾಳಿಗುಳ್ಳೆಗಳಿಂದ ತುಂಬಿದ ಹಗುರ ಸಿಮೆಂಟ್ ಬ್ಲಾಕು) ಅಥವಾ ಪೂರ್ತಿ ಕಾಂಕ್ರೀಟು. ಗಿಲಾವು, ಬಣ್ಣ ಆದಮೇಲೆ ಹೊರಗಿನಿಂದ ಎಲ್ಲವೂ ಒಂದೇ. ಗುಟ್ಟು ಬಿಟ್ಟುಕೊಡುವುದು ಡ್ರಿಲ್ಲಿನಿಂದ ಉದುರುವ ಪುಡಿ. ಅರ್ಧ ಇಂಚಿನಷ್ಟು ಗಿಲಾವು ದಾಟಿದ ಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ ಅಥವಾ ಕೆಂಪುಕಲ್ಲು; ಡ್ರಿಲ್ಲಿನ ಬಿಟ್ಟು (ಕೊರೆಯುವ ಮೊನೆ) ಬೆಣ್ಣೆಯಲ್ಲಿಳಿದಂತೆ ಸಲೀಸಾಗಿ ಇಳಿದು ಬೆಳ್ಳನೆಯ ಹಿಟ್ಟು ಉದುರಿದರೆ ಎಎಸಿ; ಬೂದು ಪುಡಿ ತಡೆತಡೆದು ಬಂದು ಡ್ರಿಲ್ ಕಿರುಗುಟ್ಟಿದರೆ ಕಾಂಕ್ರೀಟು; ಒಂದಿಂಚು ಹೋದೊಡನೆ ಡ್ರಿಲ್ ಧಡಕ್ಕನೆ ಒಳಕ್ಕೆ ನುಗ್ಗಿದರೆ ಹಾಲೋ ಬ್ಲಾಕು. ಪುಡಿ ಒಣಗಿರದೆ ಬಿಟ್ಟಿಗೆ ಕೆಸರಿನಂತೆ ಮೆತ್ತಿಕೊಂಡರೆ ಗೋಡೆಯಲ್ಲಿ ನೀರಿದೆ ಎಂದರ್ಥ. ಆಚೆ ಬದಿ ಬಚ್ಚಲುಮನೆಯಿದೆಯೇ ಎಂದು ನೋಡಿ, ಕೆಲಸ ಅಲ್ಲಿಗೇ ನಿಲ್ಲಿಸಬೇಕು.

ಇಟ್ಟಿಗೆಗೆ ಮತ್ತು ಸಾಲಿಡ್ ಬ್ಲಾಕಿಗೆ ಸ್ಕ್ರೂ ಬಿಗಿಯಾಗಿ ಹಿಡಿಯಲು ತೂತಿನೊಳಗೆ ಕೂರಿಸುವ ಒಳ್ಳೆಯ ನೈಲಾನ್ ಪ್ಲಗ್ಗು, ಗಿಲಾವು ದಾಟಿ ಎರಡು ಇಂಚು ಒಳಹೋಗುವ ಸ್ಕ್ರೂ ಸಾಕು. ಎಎಸಿ ಬ್ಲಾಕಿಗೆ ಕಬ್ಬಿಣದ ಎಕ್ಸ್‌ಪಾನ್ಷನ್ ಬೋಲ್ಟ್ ಹೊಡೆಯುವುದು ದೊಡ್ಡ ತಪ್ಪು. ಅದು ಅಗಲವಾಗುತ್ತ ಹೋದಂತೆ ಸುತ್ತಲಿನ ಬ್ಲಾಕನ್ನೇ ಪುಡಿಮಾಡುತ್ತದೆ. ಬೆಂಗಳೂರಿನ ಹೊರವಲಯದ ಒಂದು ಫ್ಲಾಟಿನಲ್ಲಿ ನಾಲ್ಕು ಇಂಚಿನ ಎಎಸಿ ಗೋಡೆಗೆ ಇಂಥ ಬೋಲ್ಟುಗಳ ಮೇಲೆಯೇ ಸ್ವಿಂಗ್ ಬ್ರಾಕೆಟ್ (ಟಿವಿಯನ್ನು ಹೊರಕ್ಕೆಳೆದು ಪಕ್ಕಕ್ಕೆ ತಿರುಗಿಸಲು ತೋಳಿರುವ ಬ್ರಾಕೆಟ್) ಕೂರಿಸಿದ್ದರು. ಮೂರು ತಿಂಗಳಲ್ಲಿ ಮೇಲಿನ ಬೋಲ್ಟು ಅರ್ಧ ಬೆರಳಿನಷ್ಟು ಹೊರಬಂದು, ಸುತ್ತಲಿನ ಗಿಲಾವು ಉಬ್ಬಿತ್ತು. ಲೆಕ್ಕ ನೋಡಿದರೆ ಆಶ್ಚರ್ಯವಿಲ್ಲ. 15 ಕಿಲೋ ತೂಕದ ಟಿವಿ ಗೋಡೆಯಿಂದ 5 ಸೆಂಟಿಮೀಟರ್ ಮುಂದಿದ್ದು, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂಟಿಮೀಟರ್ ಅಂತರವಿದ್ದರೆ, ಮೇಲಿನ ಬೋಲ್ಟುಗಳನ್ನು ಹೊರಕ್ಕೆಳೆಯುವ ಬಲ ನಾಲ್ಕು ಕಿಲೋ ತೂಕಕ್ಕಿಂತಲೂ ಕಡಿಮೆ. ಅದೇ ಟಿವಿಯನ್ನು ತೋಳಿನ ತುದಿಯಲ್ಲಿ 45 ಸೆಂಟಿಮೀಟರ್ ಹೊರಕ್ಕೆಳೆದಾಗ ಆ ಬಲ 34 ಕಿಲೋ ಮುಟ್ಟುತ್ತದೆ; ಮಗುವೊಂದು ಜೋತುಬಿದ್ದರೆ ಕೇಳುವುದೇ ಬೇಡ. ಕೊನೆಗೆ ಗೋಡೆಯ ಆಚೆ ಬದಿಗೆ ಉದ್ದನೆಯ ಬೋಲ್ಟುಗಳನ್ನು ತೂರಿಸಿ, ಅಲ್ಲಿ ಕಬ್ಬಿಣದ ಪಟ್ಟಿಯೊಂದನ್ನು ಕೊಟ್ಟು ಬಿಗಿಸಿದೆವು. ಅದೃಷ್ಟಕ್ಕೆ ಆ ಬದಿಯಲ್ಲಿ ವಾರ್ಡ್‌ರೋಬ್ ಇತ್ತು, ಪಟ್ಟಿ ಮರೆಯಾಯಿತು. ಟಿವಿಯನ್ನು ನಿಜವಾಗಿ ಎರಡು ಕಡೆಯಿಂದ ನೋಡುವವರಿಲ್ಲದಿದ್ದರೆ ಸ್ವಿಂಗ್ ಬ್ರಾಕೆಟ್ಟಿನ ಗೋಜಿಗೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಮಣ್ಣಿನ ಗೋಡೆಯ ಮನೆಗಳಿಗೂ ಬಾಡಿಗೆ ಮನೆಗಳಿಗೂ ಅಗಲವಾದ ಮೇಜು ಅಥವಾ ಸ್ಟ್ಯಾಂಡೇ ಲೇಸು. ಚಿಕ್ಕ ಮಕ್ಕಳಿದ್ದರೆ ಟಿವಿ ಮುಂದಕ್ಕೆ ಉರುಳದಂತೆ ಹಿಂದಿನಿಂದ ಪಟ್ಟಿ ಕಟ್ಟಬೇಕು.

ತೂತು ಹಾಕುವ ಮೊದಲು ಮತ್ತೊಂದು ಅಳತೆ ಬಾಕಿಯಿರುತ್ತದೆ. ಟಿವಿಯ ಬೆನ್ನಿನ ತೂತುಗಳು ಅದರ ನಡುಮಧ್ಯದಲ್ಲೇ ಇರುತ್ತವೆಂಬ ಖಾತ್ರಿಯಿಲ್ಲ, ಹಲವು ಮಾದರಿಗಳಲ್ಲಿ ಕೆಳಗಿರುತ್ತವೆ. ಕೆಳ ಅಂಚಿನಿಂದ ಆ ತೂತುಗಳವರೆಗಿನ ದೂರವನ್ನು ಅಳೆದು, ಗೋಡೆಯ ಮೇಲೆ ರಸಮಟ್ಟ ಹಿಡಿದು ಗೆರೆ ಹಾಕಿದರೆ ಮಾತ್ರ ಪತ್ರಿಕೆ ಅಂಟಿಸಿ ಮಾಡಿದ ನಿರ್ಧಾರ ಗೋಡೆಗಿಳಿಯುತ್ತದೆ.

ವಿದ್ಯುತ್ ಪಾಯಿಂಟಿನ ವಿಷಯದಲ್ಲಿ ನಾನೇ ನನ್ನ ಮನೆಯಲ್ಲಿ ಎಡವಿದ್ದೇನೆ. ಸಾಕೆಟ್ಟುಗಳು ಕಾಣಬಾರದೆಂದು ಟಿವಿಯ ಬೆನ್ನಿನ ನಟ್ಟನಡುವೆ ಕೂರಿಸಿ, ಗೋಡೆಗಂಟಿದಂತಿರುವ ತೆಳ್ಳನೆಯ ಬ್ರಾಕೆಟ್ ತಂದೆ. ಬ್ರಾಕೆಟ್ಟಿಗೂ ಗೋಡೆಗೂ ನಡುವೆ ಒಂದಿಂಚು, ಚುಚ್ಚಿದ ಪ್ಲಗ್ಗಿನ ತಲೆ ಎರಡಿಂಚು. ಸಾಕೆಟ್ಟುಗಳು ಪರದೆಯ ಮರೆಯಲ್ಲೇ ಇರಲಿ, ಆದರೆ ಬ್ರಾಕೆಟ್ಟಿನ ಜಾಗ ಬಿಟ್ಟು ಪಕ್ಕಕ್ಕೆ, ಗೋಡೆಯೊಳಗೆ ಹುದುಗಿಸಿದ ಪೆಟ್ಟಿಗೆಯಲ್ಲಿರಲಿ. ಕರೆಂಟಿನ ತಂತಿಗೆ ಒಂದು ಪೈಪು, ಸೆಟ್‌ಟಾಪ್ ಬಾಕ್ಸಿನಿಂದ ಮೇಲೇರುವ ಎಚ್‌ಡಿಎಂಐ ಕೇಬಲ್ಲಿಗೆ ಎರಡು ಇಂಚಿನ ಬೇರೆಯದೇ ಪೈಪು ಬೇಕು. ಕೇಬಲ್ಲಿನ ತಲೆ ಸಣ್ಣ ಪೈಪಿನ ತಿರುವಿನಲ್ಲಿ ತೂರುವುದಿಲ್ಲ.

ಮನೆ ಕಟ್ಟಿಸುತ್ತಿರುವವರು, ಗಿಲಾವು ಮಾಡುವ ಮುನ್ನ ಈ ಪೈಪುಗಳು ಗೋಡೆಯಲ್ಲಿ ಕಾಣುತ್ತಿರುವಾಗಲೇ, ಅಳತೆಯ ಟೇಪನ್ನು ಪಕ್ಕದಲ್ಲಿ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಅಂಥ ಫೋಟೋ ಇಲ್ಲದ ಮನೆಯಲ್ಲಿ ಸ್ವಿಚ್‌ಬೋರ್ಡಿನ ನೇರ ಮೇಲಕ್ಕಾಗಲಿ ನೇರ ಕೆಳಕ್ಕಾಗಲಿ ಡ್ರಿಲ್ ಇಡಬಾರದು, ಇಡಲೇಬೇಕೆಂದಾದರೆ ಮೇನ್ ಸ್ವಿಚ್ ಆರಿಸಿ, ಬ್ಯಾಟರಿ ಡ್ರಿಲ್ಲನ್ನೇ ತರಿಸಬೇಕು.