ಬೇಸ್ ಇರುವುದು ಕುಶನ್ನಿನಲ್ಲಿ

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುವ ಅಸಂಖ್ಯ ಜನರಲ್ಲಿ ನಾನೂ ಒಬ್ಬ. ಆ ಪ್ರಯಾಣದ ಹೊತ್ತಿಗೆಂದು ಎರಡು ವರ್ಷಗಳ ಹಿಂದೆ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಸಾವಿರದ ಮುನ್ನೂರು ರೂಪಾಯಿ ಕೊಟ್ಟು ಒಂದು ಹೆಡ್‌ಫೋನ್ ಕೊಂಡೆ. ಡಬ್ಬದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಎಕ್ಸ್‌ಟ್ರಾ ಬೇಸ್’, ಅಂದರೆ ತಗ್ಗಿನ ಸ್ವರಗಳು ಹೆಚ್ಚು, ಎಂದಿತ್ತು. ಅಂಗಡಿಯ ಹುಡುಗ ನನ್ನ ಕನ್ನಡಕ ತೆಗೆಸಿ, ಕಿವಿ ಮುಚ್ಚುವ ಕಪ್ಪುಗಳೆರಡನ್ನೂ ತಾನೇ ಕೂರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದು, “ಹೆಂಗೈತೆ ಸಾರ್, ಎದೆ ನಡುಗಲ್ವಾ?” ಎಂದ. ನಿಜಕ್ಕೂ ನಡುಗಿತು. ಮರುದಿನ ಬೆಳಗ್ಗೆ ರೈಲು ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಆ ಬೇಸ್ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮೃದಂಗದ ಎಡಗೈ ಪೆಟ್ಟು ತಗಡಿನ ಡಬ್ಬ ಬಡಿದಂತೆ ಕೇಳಿಸುತ್ತಿತ್ತು. ಮೋಸ ಹೋದೆನೆಂದುಕೊಳ್ಳುತ್ತಲೇ, ಕನ್ನಡಕದ ಕಡ್ಡಿ ಕುಶನ್ನಿನ ಅಡಿಯಲ್ಲಿ ನುಸುಳುವ ಜಾಗವನ್ನು ಬೆರಳಿನಿಂದ ಒತ್ತಿದೆ. ಕಳೆದುಹೋಗಿದ್ದ ಬೇಸ್ ಒಮ್ಮೆಲೇ ಮರಳಿ ಬಂತು. ಬೆರಳು ತೆಗೆದರೆ ಮತ್ತೆ ಮಾಯ.

ಹೆಡ್‌ಫೋನ್ ಕೊಳ್ಳುವಾಗ ನಾವು ಸಾಮಾನ್ಯವಾಗಿ ಧ್ವನಿ ಹೇಗಿದೆ, ತಲೆಗೆ ಹಿತವಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತೇವೆ. ಬೇಸ್‌ಗಾಗಿಯೇ ಕೊಳ್ಳುವ ಅಗ್ಗದ ಹೆಡ್‌ಫೋನ್‌ನಲ್ಲಂತೂ ಇವು ಮೂರು ಪ್ರಶ್ನೆಗಳಲ್ಲ, ಒಂದೇ ಪ್ರಶ್ನೆ ಎಂಬುದು ಆ ಬೆರಳಿನ ಒತ್ತಿನಿಂದ ನನಗೆ ಹೊಳೆಯಿತು.

ಮನುಷ್ಯನ ಕಿವಿ ಗ್ರಹಿಸುವ ಆವೃತ್ತಿಗಳು (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಸ್ಥೂಲವಾಗಿ 20ರಿಂದ 20,000 ಹರ್ಟ್ಸ್‌ವರೆಗೆ ಹರಡಿವೆ. ಅವುಗಳಲ್ಲಿ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನದನ್ನು ಬೇಸ್ ಎನ್ನುತ್ತಾರೆ. 50 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ ಸುಮಾರು 6.9 ಮೀಟರ್ ಉದ್ದವಿರುತ್ತದೆ, ಅಂದರೆ ನಾನು ಕುಳಿತ ರೈಲು ಬೋಗಿಯ ಅಗಲದ ಎರಡು ಪಟ್ಟಿಗಿಂತಲೂ ಹೆಚ್ಚು. ಅದನ್ನು ಹುಟ್ಟಿಸಬೇಕಾದ ಹೆಡ್‌ಫೋನಿನ ಪೊರೆಯಾದರೋ ಸಾಮಾನ್ಯವಾಗಿ 40 ಮಿಲಿಮೀಟರ್ ಅಗಲದ್ದು, ಹತ್ತು ರೂಪಾಯಿ ನಾಣ್ಯದ ಒಂದೂವರೆ ಪಟ್ಟು. ಈ ಪೊರೆಯನ್ನು ಬಯಲಿನಲ್ಲಿ ಹಿಡಿದು ನುಡಿಸಿದರೆ ಬೇಸ್ ಹುಟ್ಟುವುದೇ ಇಲ್ಲವೆನ್ನಬಹುದು, ಏಕೆಂದರೆ ಪೊರೆ ಮುಂದಕ್ಕೆ ತಳ್ಳಿದ ಗಾಳಿ ಅಂಚನ್ನು ಬಳಸಿಕೊಂಡು ಹಿಂದಿನ ಖಾಲಿ ಜಾಗಕ್ಕೆ ಹರಿದುಬಿಡುತ್ತದೆ. ಕಿವಿಯ ಮೇಲೆ ಮುಚ್ಚಿ ಕೂರಿಸಿದಾಗ ಮಾತ್ರ ಪರಿಸ್ಥಿತಿ ಬೇರೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆಯನ್ನು ತುಸುವೇ ತಳ್ಳಿದರೂ ಒತ್ತಡ ಏರುವಂತೆ, ಪೊರೆ ಮತ್ತು ಕಿವಿತಮಟೆಯ ನಡುವೆ ಸೆರೆಯಾದ ಅಂಗೈಯಗಲದ ಗಾಳಿಯೂ ಪೊರೆಯ ಅಲ್ಪ ಚಲನೆಗೇ ಪೂರಾ ಒತ್ತಡ ಪಡೆಯುತ್ತದೆ. ಹೆಬ್ಬೆರಳು ಸಡಿಲಿಸಿದರೆ ಪಂಪ್ ಬರಿದೇ ಉಸಿರಾಡುತ್ತದೆ. ಕುಶನ್ನಿನ ಅಡಿಯಲ್ಲಿ ಸಂದಿಯಿದ್ದರೆ ಹೆಡ್‌ಫೋನಿನ ಪಾಡೂ ಅದೇ.

ಸಂದಿ ಎಲ್ಲ ಸ್ವರಗಳನ್ನೂ ಸಮನಾಗಿ ಸೋರಗೊಡುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ವೇಗವಾಗಿ ಏರಿಳಿಯುವ ಒತ್ತಡಕ್ಕೆ ಕಿರಿದಾದ ಸಂದಿಯಿಂದ ಹೊರಹೋಗಲು ವೇಳೆ ಸಾಲದು. ನಿಧಾನವಾಗಿ ಏರಿಳಿಯುವ ಬೇಸ್‌ನ ಒತ್ತಡ ಮಾತ್ರ ಆರಾಮವಾಗಿ ಸೋರಿಹೋಗುತ್ತದೆ. ಆದ್ದರಿಂದಲೇ ಕನ್ನಡಕದ ಕಡ್ಡಿ, ದಟ್ಟ ಕೂದಲು, ಜುಮುಕಿಯ ಕೊಕ್ಕೆ, ಕಿವಿಯ ಕೆಳಗೆ ದವಡೆಮೂಳೆಯ ಹಿಂದಿನ ಹಳ್ಳ, ಇವು ಯಾವುವೂ ಗಾಯಕಿಯ ಕಂಠಕ್ಕೆ ಏನೂ ಮಾಡದೆ ಮೃದಂಗದ ಎಡಮುಖವನ್ನಷ್ಟೇ ಕದಿಯುತ್ತವೆ. ಅಂಗಡಿಯ ಹುಡುಗ ನನಗೆ ಸುಳ್ಳು ಹೇಳಿರಲಿಲ್ಲ. ನನ್ನ ಕನ್ನಡಕ ತೆಗೆಸಿದ್ದ, ಅಷ್ಟೆ. ಹೆಡ್‌ಫೋನ್ ನೋಡಲು ಹೋಗುವವರು ದಿನವೂ ಹಾಕುವ ಕನ್ನಡಕ, ಓಲೆ, ಮುಡಿ ಎಲ್ಲವನ್ನೂ ಹಾಗೇ ಇಟ್ಟುಕೊಂಡು, ಕೈಯನ್ನು ಕಪ್ಪಿಗೆ ತಾಗಿಸದೆ ಕೇಳಬೇಕು. ನಂತರ ಮಾತ್ರ ಎರಡೂ ಅಂಗೈಯಿಂದ ಒತ್ತಿ ನೋಡಬೇಕು. ಒತ್ತಿದಾಗ ಬೇಸ್ ಬಹಳ ಏರಿದರೆ ಆ ಹೆಡ್‌ಫೋನ್ ಆ ತಲೆಗೆ ಕೂರುತ್ತಿಲ್ಲವೆಂದೇ ಅರ್ಥ, ಅದು ಇನ್ನೊಬ್ಬರ ತಲೆಗೆ ಎಷ್ಟೇ ಚೆನ್ನಾಗಿರಲಿ.

ಹಾಗಾದರೆ ಬಿಗಿಯಾಗಿ ಹಿಡಿಯುವ ಹೆಡ್‌ಫೋನೇ ಒಳ್ಳೆಯದಲ್ಲವೇ? ಅಗ್ಗದ ತಯಾರಿಕೆಗಳಲ್ಲಿ ಅನುಸರಿಸುವ ದಾರಿ ಬಹುಮಟ್ಟಿಗೆ ಇದೇ: ತೆಳ್ಳನೆಯ, ಗಟ್ಟಿ ಸ್ಪಂಜಿನ ಕುಶನ್ ಹಾಕಿ, ತಲೆಪಟ್ಟಿಯ ಬಿಗಿತದಿಂದ ಅದನ್ನು ಕಿವಿಗೆ ಅಮುಕುವುದು. ಐದು ನಿಮಿಷ ಕೇಳಿಸಿಕೊಂಡರೆ ಚೆನ್ನಾಗಿಯೇ ಇರುತ್ತದೆ. ನಲವತ್ತು ನಿಮಿಷದ ಹೊತ್ತಿಗೆ ಕನ್ನಡಕದ ಕಡ್ಡಿ ಕಣತಲೆಗೆ ಒತ್ತಿ ನೋಯುತ್ತದೆ, ಆಗ ಕೈ ತಾನಾಗಿ ಕಪ್ಪನ್ನು ಅರ್ಧ ಇಂಚು ಸರಿಸುತ್ತದೆ, ಬೇಸ್ ಹೋಗುತ್ತದೆ. ಮೆತ್ತನೆಯ, ದಪ್ಪ ಕುಶನ್ ಕಡ್ಡಿಯನ್ನು ತನ್ನೊಳಗೆ ಹುದುಗಿಸಿಕೊಂಡು ಸುತ್ತಲೂ ಕೂರುವುದರಿಂದ ಕಡಿಮೆ ಬಿಗಿತದಲ್ಲೇ ಅದೇ ಕೆಲಸ ಮಾಡುತ್ತದೆ. ಕಿವಿಯ ಮೇಲೆ ಕೂರುವ ಚಿಕ್ಕ ಕಪ್ಪಿಗಿಂತ ಕಿವಿಯನ್ನು ಸುತ್ತುವರಿಯುವ ದೊಡ್ಡ ಕಪ್ಪು ಬೇಸ್‌ಪ್ರಿಯರಿಗೆ ಹೆಚ್ಚು ಸೂಕ್ತವೆಂದು ನಾನು ಹೇಳುವುದೂ ಇದೇ ಕಾರಣಕ್ಕೆ. ಏರುಪೇರಿನ ಕಿವಿಯ ಮಡಿಕೆಗಳ ಮೇಲೆ ಗಾಳಿ ಸೋರದಂತೆ ಕೂರುವುದಕ್ಕಿಂತ ಕಿವಿಯ ಸುತ್ತಲಿನ ಚರ್ಮದ ಮೇಲೆ ಕೂರುವುದು ಸುಲಭ.

ಇಲ್ಲಿ ನಾನೇ ಮಾಡಿಕೊಂಡ ಒಂದು ಎಡವಟ್ಟನ್ನೂ ಹೇಳಬೇಕು. ಏಪ್ರಿಲ್ ತಿಂಗಳ ಸೆಕೆಗೆ ರೆಕ್ಸಿನ್ ಕುಶನ್ನಿನ ಅಡಿಯಲ್ಲಿ ಬೆವರು ಹರಿಯತೊಡಗಿದಾಗ, ಹಳೆಯ ಪಂಚೆಯೊಂದನ್ನು ಕತ್ತರಿಸಿ ಎಲಾಸ್ಟಿಕ್ ಹಾಕಿ ಎರಡು ಗವಸು ಹೊಲಿಸಿದೆ. ಕಿವಿಗೆ ಬಹಳ ಹಿತವಾಯಿತು, ಬೇಸ್ ಮಾತ್ರ ಕನ್ನಡಕದ ದಿನಕ್ಕಿಂತಲೂ ಹೆಚ್ಚು ಕಳೆದುಹೋಯಿತು. ಹತ್ತಿ ಬಟ್ಟೆಯ ನೇಯ್ಗೆಯೆಂದರೆ ಸಾವಿರಾರು ಸಣ್ಣ ಸಂದಿಗಳಲ್ಲವೇ! ಮಖಮಲ್ಲಿನಂಥ ಬಟ್ಟೆಯ ಕುಶನ್ ಇರುವ ಹೆಡ್‌ಫೋನ್‌ಗಳು ತಂಪಾಗಿದ್ದರೂ ಬೇಸ್‌ನಲ್ಲಿ ತುಸು ಹಿಂದೆ ಬೀಳುವುದು ಇದರಿಂದಲೇ. ಆ ಗವಸುಗಳು ಈಗ ನಮ್ಮ ಮನೆಯಲ್ಲಿ ಕನ್ನಡಕ ಒರೆಸಲು ಬಳಕೆಯಾಗುತ್ತಿವೆ.

ಗಾಳಿ ಸೋರದಂತೆ ಕೂತಿತೆನ್ನೋಣ. ಬಂದ ಬೇಸ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಕಚೇರಿಗೆ ಮುನ್ನ ಮೃದಂಗದ ಎಡಮುಖಕ್ಕೆ ನಾದಿದ ರವೆಯನ್ನು ಮೆತ್ತುವುದನ್ನು ಬಹಳ ಜನ ನೋಡಿರುತ್ತಾರೆ. ಭಾರ ಹೆಚ್ಚಿದ ಚರ್ಮ ನಿಧಾನವಾಗಿ ಕಂಪಿಸಿ ಸ್ವರ ತಗ್ಗುತ್ತದೆ. ನಮ್ಮ ಕಡೆಯ ತಮಟೆಯವರು ಮಾಡುವುದು ಅದಕ್ಕೆ ವಿರುದ್ಧವಾದದ್ದು: ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಿ, ಸ್ವರವನ್ನು ಏರಿಸಿ, ಪೆಟ್ಟನ್ನು ಚುರುಕು ಮಾಡುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ವಾದ್ಯವನ್ನು ಕಿವಿಗೊಟ್ಟು ಕೇಳುವವರು ಹೆಚ್ಚಿದ್ದಾರೆಂದು ನನ್ನ ಭಾವನೆ, ಮತ್ತು ಹೆಡ್‌ಫೋನ್ ಪರೀಕ್ಷೆಗೆ ತಮಟೆಗಿಂತ ನಿಷ್ಠುರವಾದ ವಾದ್ಯ ನನಗೆ ಸಿಕ್ಕಿಲ್ಲ. ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ ಮೌನ ಇರಬೇಕು. ಹೆಡ್‌ಫೋನಿನ ಪೊರೆ ಸಂಕೇತ ನಿಂತ ಮೇಲೂ ತೂಗಾಡುತ್ತಿದ್ದರೆ ಆ ಮೌನ ತುಂಬಿಹೋಗಿ, ಪೆಟ್ಟುಗಳೆಲ್ಲ ಒಂದೇ ಗುಂಯ್ ಸದ್ದಿನೊಳಗೆ ಕರಗುತ್ತವೆ. ಬೇಸ್ ಎಷ್ಟು ಬಂತು ಎಂಬುದಕ್ಕಿಂತ ಎಷ್ಟು ಬೇಗ ನಿಂತಿತು ಎಂದು ಕೇಳಿಸಿಕೊಳ್ಳುವುದು ಹೆಚ್ಚು ಫಲದಾಯಕ. ಉರುಮೆ ಎಂಬ ಚರ್ಮವಾದ್ಯದ ನರಳುವ ಸದ್ದು ಇನ್ನೊಂದು ಪರೀಕ್ಷೆ: ಬಾಗಿದ ಕೋಲಿನಿಂದ ಉಜ್ಜಿದಾಗ ಅದರ ಸ್ವರ ಜಾರುತ್ತಾ ಏರಿಳಿಯುತ್ತದೆ. ಕಳಪೆ ಹೆಡ್‌ಫೋನ್‌ನಲ್ಲಿ ಆ ಜಾರು ಯಾವುದೋ ಒಂದು ಸ್ವರದ ಮೇಲೆ ಬಂದಾಗ ಹಠಾತ್ತನೆ ಉಬ್ಬಿ, ಉಳಿದೆಡೆ ಕುಗ್ಗುತ್ತದೆ.

ಆ ಉಬ್ಬು ಇರುವುದು ಹೆಚ್ಚಾಗಿ 100ರಿಂದ 250 ಹರ್ಟ್ಸ್ ನಡುವೆ. 40 ಹರ್ಟ್ಸ್‌ನ ಆಳವಾದ ನಡುಕ ಕೊಡಲು ಒಳ್ಳೆಯ ಕುಶನ್, ಹೆಚ್ಚು ದೂರ ಚಲಿಸಬಲ್ಲ ಪೊರೆ ಬೇಕು. 150 ಹರ್ಟ್ಸ್‌ನ ಉಬ್ಬು ಕೊಡುವುದು ಅಗ್ಗ, ಅಂಗಡಿಯಲ್ಲಿ ಅದೂ ‘ಬೇಸ್’ ಎಂದೇ ಕೇಳಿಸುತ್ತದೆ. ಅದರ ಬೆಲೆ ತೆರುವವನು ಗಾಯಕ. ತಗ್ಗಿನ ಸ್ವರಗಳು ತಮಗಿಂತ ಮೇಲಿನ ಸ್ವರಗಳನ್ನು ಸುಲಭವಾಗಿ ಮರೆಮಾಡುತ್ತವೆ, ಮೇಲಿನವು ಕೆಳಗಿನವನ್ನು ಅಷ್ಟಾಗಿ ಮರೆಮಾಡಲಾರವು ಎಂಬುದು 1924ರಲ್ಲೇ ವೆಗೆಲ್ ಮತ್ತು ಲೇನ್ ಎಂಬ ಸಂಶೋಧಕರ ಪ್ರಯೋಗಗಳಲ್ಲಿ ಕಂಡ ಸಂಗತಿ. ಗಂಡುದನಿಯ ಮೂಲಸ್ವರವೇ (ಅದರ ಅತ್ಯಂತ ತಗ್ಗಿನ ಸ್ವರ) 100 ಹರ್ಟ್ಸ್‌ನ ಆಸುಪಾಸಿನಲ್ಲಿರುವುದರಿಂದ, ಆ ಜಾಗ ಉಬ್ಬಿದರೆ ಭಾವಗೀತೆ ಹಾಡುವವರು ಕಂಬಳಿಯೊಳಗಿನಿಂದ ಹಾಡಿದಂತಾಗುತ್ತದೆ. ಆದ್ದರಿಂದ ಬೇಸ್ ಹೆಡ್‌ಫೋನನ್ನು ಕುಣಿತದ ಹಾಡಿನಿಂದ ಪರೀಕ್ಷಿಸದೆ, ತಾಳವಾದ್ಯ ಜೊತೆಗಿರುವ ಗಂಡುದನಿಯ ಹಾಡಿನಿಂದ ಪರೀಕ್ಷಿಸುವುದು ಲೇಸು. ಸಾಹಿತ್ಯದ ಒತ್ತಕ್ಷರಗಳು ಬಿಡಿಸಿ ಕೇಳಬೇಕು.

ಕಿವಿಯೂ ನಮಗೆ ಪೂರ್ತಿ ನಿಷ್ಠವಲ್ಲ. ಹಳೆಯ ದೂರವಾಣಿ ತಂತಿಗಳು 300ರಿಂದ 3,400 ಹರ್ಟ್ಸ್ ನಡುವಿನದನ್ನಷ್ಟೇ ಸಾಗಿಸುತ್ತಿದ್ದರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳಿಸುತ್ತಿತ್ತು. ಮೂಲಸ್ವರ ಇಲ್ಲದಿದ್ದರೂ ಅದರ ಎರಡು ಪಟ್ಟು, ಮೂರು ಪಟ್ಟಿನ ಹಾರ್ಮೋನಿಕ್‌ಗಳಿಂದಲೇ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ. ಮೃದಂಗದ ಬಲಮುಖದಲ್ಲಿರುವ ಕರಣೆ ಎಂಬ ಕಪ್ಪು ಲೇಪದಿಂದಾಗಿ ಅದರ ಮೇಲಿನ ಸ್ವರಗಳು ಮೂಲಸ್ವರದ ಪೂರ್ಣಾಂಕ ಪಟ್ಟುಗಳಾಗಿ ಹೊಂದಿಕೊಳ್ಳುತ್ತವೆಂದು ಸಿ.ವಿ. ರಾಮನ್ ವಿವರಿಸಿದ್ದು ಇದೇ ನಂಟಿನ ಮಾತು. ಹೀಗಾಗಿ ಆಳದ ಸ್ವರವನ್ನು ಹುಟ್ಟಿಸಲಾರದ ಹೆಡ್‌ಫೋನ್ ಕೂಡ ಸಂಗೀತದಲ್ಲಿ ಬೇಸ್ ಇರುವಂತೆ ನಂಬಿಸಬಲ್ಲದು. ಅದನ್ನು ಬಯಲಿಗೆಳೆಯಲು, ಬೇಕಾದ ಆವೃತ್ತಿಯ ಒಂಟಿ ಸ್ವರವನ್ನು ನುಡಿಸುವ ಫೋನಿನ ಉಚಿತ ಟೋನ್ ಜನರೇಟರ್ ಆ್ಯಪ್ ಒಂದು ಸಾಕು. 80, 60, 50, 40, 30 ಎಂದು ಇಳಿಸುತ್ತಾ ಹೋದರೆ ಯಾವ ಮೆಟ್ಟಿಲಲ್ಲಿ ಸದ್ದು ಕುಸಿಯಿತು ಎಂಬುದು ತಿಳಿಯುತ್ತದೆ. ಸ್ವಲ್ಪ ಕುಸಿಯುವುದು ಸಹಜ. 1,000 ಹರ್ಟ್ಸ್‌ನ ಸ್ವರ 2–3 ಡೆಸಿಬೆಲ್‌ಗೇ ಕೇಳತೊಡಗಿದರೆ, 50 ಹರ್ಟ್ಸ್‌ನ ಸ್ವರ ಕೇಳಲು ಸುಮಾರು 44 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಬೇಕು. ಡಬ್ಬದ ಮೇಲಿನ ‘20–20,000 ಹರ್ಟ್ಸ್’ ಎಂಬ ಸಾಲನ್ನು ಮಾತ್ರ ಓದದೇ ಇದ್ದರೂ ನಷ್ಟವಿಲ್ಲ. ಎಷ್ಟು ಡೆಸಿಬೆಲ್ ಏರುಪೇರಿನೊಳಗೆ ಎಂದು ಹೇಳದ ಹೊರತು ಆ ಸಂಖ್ಯೆಗೆ ಅರ್ಥವೇ ಇಲ್ಲ.

ಇದೇ ಟೋನ್ ಪರೀಕ್ಷೆ ಕಟ್ಟುಮಸ್ತಿನ ಪರೀಕ್ಷೆಯೂ ಹೌದು. 40ರಿಂದ 100 ಹರ್ಟ್ಸ್ ನಡುವೆ ನಿಧಾನವಾಗಿ ಏರಿಸುವಾಗ, ಸಡಿಲವಾಗಿ ಕೂಡಿಸಿದ ಪ್ಲಾಸ್ಟಿಕ್, ಅಂಟು ಬಿಟ್ಟ ಜಾಲರಿ, ಅಲ್ಲಾಡುವ ತಂತಿ, ಒಂದೊಂದೂ ತನ್ನ ಸರದಿ ಬಂದಾಗ ಜರ್ರೆನ್ನುತ್ತದೆ. ಪೊರೆಗೆ ತಾಗಿದ ಒಂದು ತಲೆಗೂದಲೂ ಹೀಗೆ ಜರ್ರೆನ್ನುವುದರಿಂದ, ತಕರಾರು ತೆಗೆಯುವ ಮುನ್ನ ಕಪ್ಪಿನೊಳಗೆ ಇಣುಕಿ ನೋಡುವುದು ಒಳ್ಳೆಯದು. ಸದ್ದು ತಲೆಯ ನಡುವೆ ನಿಲ್ಲದೆ ಒಂದು ಬದಿಗೆ ವಾಲಿದರೆ ಒಂದು ಕಪ್ಪು ಸರಿಯಾಗಿ ಕೂತಿಲ್ಲ, ಇಲ್ಲವೇ ಎರಡು ಪೊರೆಗಳು ಜೋಡಿಯಲ್ಲ. ಉಳಿದಂತೆ, ಅಗ್ಗದವು ಮುರಿಯುವುದು ಬಹುತೇಕ ಕಪ್ಪು ತಿರುಗುವ ಕೀಲಿನಲ್ಲಿ; ಅಲ್ಲಿ ಲೋಹವಿದೆಯೇ ಎಂದು ನೋಡಿದರೆ ಸಾಕು.

ಬೆಲೆಯ ಮಾತು. 2017ರಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿ, ಆವೃತ್ತಿಗಳ ಏರುಪೇರಿಗೂ ಬೆಲೆಗೂ ಸಂಬಂಧ ಕಾಣದೆಂದು ಪ್ರಕಟಿಸಿದರು. ಬೇಸ್ ತುಸು ಹೆಚ್ಚಿಗೆ ಬಯಸುವುದು ಕೀಳು ಅಭಿರುಚಿಯೆಂಬ ಮಾತಿಗೂ ಆಧಾರವಿಲ್ಲ. ಧ್ವನಿ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು ನಡೆಸಿದ ಕೇಳ್ಮೆಯ ಪರೀಕ್ಷೆಗಳಲ್ಲಿ ಪಳಗಿದ ಕಿವಿಯವರೂ ಕೆಲವು ಡೆಸಿಬೆಲ್ ಏರಿಸಿದ ಬೇಸನ್ನೇ ಮೆಚ್ಚಿದ್ದರು. ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಸದ್ದನ್ನು ಸಮಗೊಳಿಸಿಕೊಳ್ಳಬೇಕು, ಇಲ್ಲವಾದರೆ ಜೋರಾಗಿರುವುದೇ ಗೆಲ್ಲುತ್ತದೆ.

ರೈಲಿನಲ್ಲಿ ಇನ್ನೊಂದು ತೊಡಕಿದೆ. ಗಾಲಿಗಳ ಗಡಗಡ ತಗ್ಗಿನ ಸ್ವರಗಳಲ್ಲೇ ಹೆಚ್ಚು, ಅದನ್ನು ತಡೆಯಲು ಕಪ್ಪಿನ ಪ್ಲಾಸ್ಟಿಕ್ ಗೋಡೆ ಅಷ್ಟಾಗಿ ಸಾಲದು, ಆದ್ದರಿಂದ ಬೇಸ್ ಮುಚ್ಚಿಹೋಗುತ್ತದೆ. ಕೈ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ಮತ್ತು ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 89ಕ್ಕೆ ಏರಿಸಿದರೆ ಉಳಿಯುವುದು ವಾರಕ್ಕೆ ಐದೇ ಗಂಟೆ, ನನ್ನಂಥವರ ಎರಡು ದಿನದ ಪ್ರಯಾಣ. ಹೊರಗಿನ ಸದ್ದಿಗೆ ವಿರುದ್ಧವಾದ ಅಲೆಯನ್ನು ನುಡಿಸಿ ಅದನ್ನು ಅಡಗಿಸುವ ಉಪಾಯಕ್ಕೆ ಪಾಲ್ ಲೂಗ್ ಅವರು ಅಮೆರಿಕದ ಪೇಟೆಂಟ್ ಪಡೆದದ್ದು 1936ರಲ್ಲಿ. ಈಗ ಅದು ಎರಡು ಸಾವಿರ ರೂಪಾಯಿಯ ಹೆಡ್‌ಫೋನ್‌ಗೂ ಇಳಿದಿದೆ, ತಗ್ಗಿನ ಸ್ವರಗಳಲ್ಲೇ ಅದು ಹೆಚ್ಚು ಪರಿಣಾಮಕಾರಿ. ಆದರೆ ಕುಶನ್ನಿನ ಅಡಿಯಲ್ಲಿ ಸಂದಿಯಿದ್ದರೆ ಅದೂ ಸೋಲುತ್ತದೆ.

ಕುಶನ್ನಿನ ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಪದರ. ಬೆವರು, ತೇವ, ಸೆಕೆಗಳಿಗೆ ಆ ಪದರದ ಅಣುಗಳ ಬೆಸುಗೆ ಬಿಡುತ್ತಾ ಬರುತ್ತದೆ. ನನ್ನದು ಒಂದೂವರೆ ವರ್ಷಕ್ಕೆ ಸುಲಿಯಿತು. ಬಿಳಿ ಅಂಗಿಯ ಹೆಗಲ ಮೇಲೆ ಕರಿ ಹೊಟ್ಟು ಉದುರಿದ್ದನ್ನು ಪಕ್ಕದ ಸೀಟಿನವರು ತೋರಿಸಿದ ಮೇಲೆಯೇ ಗೊತ್ತಾದದ್ದು. ಒಳಗಿನ ಪೊರೆ, ಅಯಸ್ಕಾಂತ, ಸುರುಳಿ ಎಲ್ಲ ಹೊಸದರಂತೆಯೇ ಇದ್ದವು, ಬೇಸ್ ಮಾತ್ರ ಪಂಚೆ ಗವಸಿನ ಕಾಲಕ್ಕೆ ಮರಳಿತ್ತು. ಅದೇ ಅಂಗಡಿಗೆ ಹೋಗಿ ಬರೀ ಕುಶನ್ ಕೇಳಿದಾಗ ಹುಡುಗ ನಕ್ಕು ಹೊಸ ಹೆಡ್‌ಫೋನ್ ತೋರಿಸಿದ. ಅಳತೆಪಟ್ಟಿ ಹಿಡಿದು ಹುಡುಕಿ, ಬೇರೆ ಕಡೆಯಿಂದ ಇನ್ನೂರೈವತ್ತು ರೂಪಾಯಿಗೆ ತರಿಸಿಕೊಂಡ ಜೋಡಿ ಹಳೆಯದಕ್ಕಿಂತ ತುಸು ದಪ್ಪ, ತುಸು ಮೆತ್ತಗೆ. ಕನ್ನಡಕದ ಕಡ್ಡಿ ಅದರೊಳಗೆ ಹುದುಗಿ ಕೂರುತ್ತದೆ, ಬೆರಳು ಒತ್ತಿದರೂ ಬಿಟ್ಟರೂ ಮೃದಂಗದ ಎಡಗೈ ಒಂದೇ ಸಮ ಕೇಳಿಸುತ್ತದೆ.