ವಿಒಸಿ: ಹಳೆಯ ಕಾರಿಗೆ ಮನೆಯಲ್ಲೇ ಬಣ್ಣ ಹೊಡೆಯುವವರು ತಿಳಿಯಬೇಕಾದ ಮೂರಕ್ಷರ

ಯುರೋಪಿನಲ್ಲಿ ಮಾರಾಟವಾಗುವ ಕಾರಿನ ಬಣ್ಣದ ಡಬ್ಬವನ್ನು ತಿರುಗಿಸಿ ನೋಡಿದರೆ, ಲೇಬಲ್ಲಿನ ಮೂಲೆಯಲ್ಲಿ ‘2004/42/ಐಐಬಿ(ಡಿ)(420)420’ ಎಂಬಂಥ ಸಾಲೊಂದು ಸಣ್ಣ ಅಕ್ಷರಗಳಲ್ಲಿ ಕಾಣುತ್ತದೆ. ಮೊದಲಿನದು ಐರೋಪ್ಯ ಒಕ್ಕೂಟದ 2004ರ ನಿರ್ದೇಶನದ ಸಂಖ್ಯೆ. ನಡುವಿನ ಅಕ್ಷರಗಳು ಇದು ವಾಹನಗಳಿಗೆ ಮರುಬಣ್ಣ ಹೊಡೆಯುವಾಗ ಬಳಸುವ ಮೇಲಿನ ಕೋಟ್ ಎಂದು ತಿಳಿಸುತ್ತವೆ. ಆವರಣದೊಳಗಿನ 420 ಕಾನೂನಿನ ಮಿತಿ, ಕೊನೆಯ 420 ಈ ಡಬ್ಬದ ಬಣ್ಣದಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ. ಎರಡೂ ಲೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿವೆ, ಮತ್ತು ಎರಡೂ ಅಳೆಯುವುದು ವಿಒಸಿಯನ್ನು.

ವಿಒಸಿಗೆ ಕನ್ನಡದಲ್ಲಿ ‘ಬಾಷ್ಪಶೀಲ ಸಾವಯವ ಸಂಯುಕ್ತ’ ಎಂಬ ಪದವಿದೆ. ಸಾವಯವ ಎಂದೊಡನೆ ಸೊಪ್ಪು, ತರಕಾರಿ, ಬೆಲ್ಲ ನೆನಪಾಗುವ ಈ ಕಾಲದಲ್ಲಿ ಆ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲ್ಲಿ ಅದರ ಅರ್ಥ ಇಂಗಾಲವನ್ನು ಆಧರಿಸಿದ ರಾಸಾಯನಿಕ ಎಂದಷ್ಟೇ. ತಿನ್ನರ್ ಡಬ್ಬದ ಮುಚ್ಚಳ ತೆಗೆದೊಡನೆ ಮೂಗಿಗೆ ಅಡರುವ ಟಾಲ್ವೀನ್, ಝೈಲೀನ್ ಮುಂತಾದವು ಈ ಗುಂಪಿನವು. ಇವುಗಳ ಆವಿ ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ವರ್ತಿಸಿದಾಗ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ. ಲಾಸ್ ಏಂಜಲೀಸನ್ನು ಕವಿಯುತ್ತಿದ್ದ, ಕಣ್ಣು ಉರಿಸುವ ಮಬ್ಬಿಗೆ ಇದೇ ಕಾರಣವೆಂದು ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಲ್ಲಿನ ಆಡಳಿತ 1966ರಲ್ಲಿ ದ್ರಾವಕಗಳ ಬಳಕೆಗೆ ಕಡಿವಾಣ ಹಾಕಿತು. ವಿಒಸಿ ನಿಯಮಗಳು ಹುಟ್ಟಿದ್ದೇ ಊರಿನ ಗಾಳಿಯನ್ನು ಕಾಪಾಡುವುದಕ್ಕೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ತೊಡಕುಗಳು ಬೇಗ ಅರ್ಥವಾಗುತ್ತವೆ.

ಯುರೋಪಿನ ಈ ನಿರ್ದೇಶನ 250 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕುದಿಯತೊಡಗುವ ಸಾವಯವ ಸಂಯುಕ್ತಗಳನ್ನೆಲ್ಲ ವಿಒಸಿ ಎಂದು ಎಣಿಸುತ್ತದೆ. ಅಮೆರಿಕ ಕುದಿಬಿಂದುವಿಗಿಂತ ಬಿಸಿಲಿನಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗೆ ಮಹತ್ವ ಕೊಡುವುದರಿಂದ, ಆ ಕ್ರಿಯೆಯಲ್ಲಿ ಮಂದವಾದ ಅಸಿಟೋನನ್ನು 1995ರಲ್ಲಿ ಪಟ್ಟಿಯಿಂದ ಕೈಬಿಟ್ಟಿತು. ಹೀಗಾಗಿ ಒಂದೇ ಬಣ್ಣಕ್ಕೆ ಎರಡು ಕಡೆ ಎರಡು ಸಂಖ್ಯೆ ಬರಬಹುದು.

ಹಳೆಯ ಕಾರುಗಳನ್ನು ಮೊದಲಿನ ರೂಪಕ್ಕೆ ತರುವವರಿಗೆ ಈ ಸಂಖ್ಯೆ ತಲೆನೋವಾಗುವುದು ಸೆಲ್ಯುಲೋಸ್ ಲ್ಯಾಕರಿನ ವಿಷಯದಲ್ಲಿ. ಡುಪಾಂಟ್ ಕಂಪನಿ ಜನರಲ್ ಮೋಟರ್ಸ್ ಜೊತೆ ಸೇರಿ 1923ರಲ್ಲಿ ಹೊರತಂದ ‘ಡುಕೋ’ ಈ ಜಾತಿಯದು. ಕಾರಿಗೂ ಬೀರುವಿಗೂ ‘ಡುಕೋ ಪೇಂಟ್’ ಎನ್ನುವ ನಮ್ಮ ಪೇಂಟರುಗಳ ಬಾಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ದ್ರಾವಕ ಆರಿಹೋದರೆ ಬಣ್ಣ ಒಣಗಿದಂತೆಯೇ. ಧೂಳು ಕೂರುವುದಕ್ಕೆ ಹೆಚ್ಚು ಹೊತ್ತು ಸಿಗುವುದಿಲ್ಲ, ಕೂತರೂ ಉಜ್ಜಿ ಪಾಲಿಶ್ ಮಾಡಬಹುದು. ಸ್ಪ್ರೇ ಬೂತ್ (ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇಲ್ಲದ ಮನೆಯ ಶೆಡ್ಡಿಗೆ ಇದಕ್ಕಿಂತ ಒಗ್ಗುವ ಬಣ್ಣ ಇನ್ನೊಂದಿರಲಿಲ್ಲ. ಆದರೆ ಈ ಬಣ್ಣಕ್ಕೆ ವಾಡಿಕೆಯಂತೆ ಸಮಪಾಲು ತಿನ್ನರ್ ಬೆರೆಸಬೇಕು. ಒಂದು ಲೀಟರ್ ತಿನ್ನರ್ ಸುಮಾರು 850 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಸ್ಪ್ರೇ ಗನ್ನಿಗೆ ತುಂಬುವ ಒಂದು ಲೀಟರ್ ಮಿಶ್ರಣದಲ್ಲಿ ಬೆರೆಸಿದ ತಿನ್ನರಿನದೇ 425 ಗ್ರಾಂ ಆಯಿತು. ಬಣ್ಣದೊಳಗೆ ಮೊದಲೇ ಇದ್ದ ದ್ರಾವಕವನ್ನು ಎಣಿಸುವ ಮುನ್ನವೇ ಮಿತಿ ದಾಟಿಹೋಗಿದೆ.

ಇದನ್ನು ಬಲ್ಲ ಐರೋಪ್ಯ ನಿರ್ದೇಶನ ಮೂರನೆಯ ವಿಧಿಯಲ್ಲಿ ಒಂದು ಕಿಂಡಿ ಬಿಟ್ಟಿದೆ: ಐತಿಹಾಸಿಕ ಮತ್ತು ಸಾಂಸ್ಕೃತಿಕ ಮಹತ್ವವುಳ್ಳವು ಎಂದು ಅಧಿಕಾರಿಗಳು ಗುರುತಿಸಿದ ಕಟ್ಟಡಗಳ ಮತ್ತು ವಿಂಟೇಜ್ ವಾಹನಗಳ ದುರಸ್ತಿಗಾಗಿ, ಮಿತಿ ಮೀರಿದ ಬಣ್ಣವನ್ನು ತೀರ ಕಡಿಮೆ ಪ್ರಮಾಣದಲ್ಲಿ ಮಾರಲು ಮತ್ತು ಕೊಳ್ಳಲು ಸದಸ್ಯ ದೇಶಗಳು ಪ್ರತ್ಯೇಕ ಪರವಾನಗಿ ಕೊಡಬಹುದು. ಹಳೆಯ ಕಾರನ್ನು ಹಳೆಯ ದೇವಾಲಯದ ಸಾಲಿನಲ್ಲಿ ಕೂರಿಸಿದ ಈ ವಿಧಿ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಅಮೆರಿಕದಲ್ಲಿ ಹವ್ಯಾಸಿಗಳಿಗೆ ಸಿಕ್ಕ ರಿಯಾಯಿತಿ ಬೇರೆ ಬಗೆಯದು. ಬಣ್ಣದ ತುಂತುರಿನಲ್ಲಿರುವ ಕ್ರೋಮಿಯಂ, ಸೀಸ, ಮ್ಯಾಂಗನೀಸ್, ನಿಕಲ್, ಕ್ಯಾಡ್ಮಿಯಂಗಳ ಮೇಲೆ 2008ರಲ್ಲಿ ಬಂದ ಒಕ್ಕೂಟ ಸರ್ಕಾರದ ನಿಯಮ, ಸ್ವಂತ ಕಾರಿಗೆ ತಾನೇ ಬಣ್ಣ ಹೊಡೆದುಕೊಳ್ಳುವವರನ್ನು ಹೊರಗಿಟ್ಟಿದೆ. ವರ್ಷಕ್ಕೆ ಎರಡಕ್ಕಿಂತ ಹೆಚ್ಚು ವಾಹನಗಳಿಗೆ ಹೊಡೆದರೆ ಮಾತ್ರ, ಹಣ ಪಡೆದಿದ್ದರೂ ಪಡೆಯದಿದ್ದರೂ, ಅವರು ನಿಯಮಕ್ಕೆ ಒಳಪಡುತ್ತಾರೆ.

ವಿಒಸಿ ಕಡಿಮೆಯಿದ್ದರೆ ಬಣ್ಣ ನಿರಪಾಯಕಾರಿ ಎಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು. ಮಿತಿಯೊಳಗೆ ಬರುವ ಟೂ-ಕೆ ಬಣ್ಣಗಳೆಂದರೆ ಹೊಡೆಯುವ ಮುನ್ನ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಬೇಕಾದ ಎರಡು ಭಾಗದ ಬಣ್ಣಗಳು; ಆ ಹಾರ್ಡನರಿನಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಆವಿಯಾಗಿ ಹೋಗದೆ ಬಣ್ಣದ ಪದರದಲ್ಲೇ ಬೆಸೆದುಕೊಳ್ಳುವುದರಿಂದ ವಿಒಸಿ ಲೆಕ್ಕಕ್ಕೆ ಬಹುಮಟ್ಟಿಗೆ ಸಿಗುವುದಿಲ್ಲ. ಆದರೆ ತುಂತುರಾಗಿ ಉಸಿರಿನೊಳಗೆ ಸೇರಿದರೆ ಅಸ್ತಮಾ ತರಬಲ್ಲದು, ಒಮ್ಮೆ ಮೈಗೆ ಆಗದಂತಾದ ಮೇಲೆ ತೀರ ಅಲ್ಪ ಪ್ರಮಾಣವೂ ಕೆರಳಿಸಬಲ್ಲದು. ವಾಸನೆಯಿಂದ ಇದನ್ನು ಪತ್ತೆಹಚ್ಚಲಾಗದ ಕಾರಣ, ಇದ್ದಿಲಿನ ಫಿಲ್ಟರಿನ ಮಾಸ್ಕ್ ತೊಟ್ಟವರಿಗೆ ಫಿಲ್ಟರ್ ಮುಗಿದದ್ದು ತಿಳಿಯುವುದೇ ಇಲ್ಲ. ವೃತ್ತಿಪರ ಬೂತುಗಳಲ್ಲಿ ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ತರುವ ಮುಖಕವಚ ತೊಡುವುದು ಇದೇ ಕಾರಣಕ್ಕೆ.